ವಿಸ್ಕಿ ಟೇಸ್ಟಿಂಗ್, ವಿಸ್ಕಿ ರಿವ್ಯೂ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಲ್ ಮಾಲ್ಟ್, ಬ್ಲೆಂಡ್ ಬಗ್ಗೆ ಬರೆಯೋಕೆ ಶುರು ಮಾಡಿದಾಗಿಂದ ಮಾತಲ್ಲಿ, ಮೆಸೇಜಲ್ಲಿ, ಪತ್ರದಲ್ಲಿ ಕೆಲವು ಪ್ರಶ್ನೆಗಳು ಬರ್ತಾನೇ ಇರ್ತವೆ. ಅವನ್ನ ಕೇಳಿದವರ ಮಾತಲ್ಲೇ ಇಟ್ಟು ಉತ್ತರ ಬರ್ದಿದೀನಿ. ಹೊಸಬರ ಪ್ರಶ್ನೆಗಳು ಮೊದಲು, ರಿವ್ಯೂ ಬರೆಯೋರ ಪ್ರಶ್ನೆಗಳು ಆಮೇಲೆ. ಯಾವ ಉತ್ತರ ಬೇಕೋ ಅದನ್ನ ಮಾತ್ರ ಓದಿದ್ರೂ ಅರ್ಥ ಆಗತ್ತೆ.

## ಶುರುವಿನಲ್ಲಿ ಕೇಳೋದು

ಸಿಂಗಲ್ ಮಾಲ್ಟ್ ಅಂದ್ರೆ ಒಂದೇ ಬ್ಯಾರೆಲ್‌ನಿಂದ ತೆಗೆದಿದ್ದು ಅಂತಾನಾ?

ಅಲ್ಲ, ಒಂದೇ ಡಿಸ್ಟಿಲರಿಯದ್ದು ಅಂತ. ಆ ಡಿಸ್ಟಿಲರಿಯ ನೂರಾರು ಬ್ಯಾರೆಲ್ ಸೇರಿಸಿ ಒಂದು ಬ್ಯಾಚ್ ಮಾಡಿದ್ರೂ ಅದು ಸಿಂಗಲ್ ಮಾಲ್ಟೇ. ನೀವು ಕೇಳ್ತಿರೋದು ಸಿಂಗಲ್ ಕಾಸ್ಕ್, ಅದನ್ನ ಬಾಟ್ಲಿ ಮೇಲೆ ಬೇರೆಯಾಗೇ ಬರೆದಿರ್ತಾರೆ.

ಸ್ಕಾಟ್ಲೆಂಡಿನ ವಿಸ್ಕಿಗೆ 2009ರ ಕಾನೂನು ಐದು ವಿಧ ಮಾಡಿದೆ: ಸಿಂಗಲ್ ಮಾಲ್ಟ್, ಸಿಂಗಲ್ ಗ್ರೇನ್, ಬ್ಲೆಂಡೆಡ್ ಮಾಲ್ಟ್, ಬ್ಲೆಂಡೆಡ್ ಗ್ರೇನ್, ಬ್ಲೆಂಡೆಡ್ ಸ್ಕಾಚ್ (ಮಾಲ್ಟ್, ಗ್ರೇನ್ ಎರಡೂ ಸೇರಿದ್ದು, ಬರೀ ಬ್ಲೆಂಡ್ ಅಂದ್ರೆ ಇದೇ). ಸಿಂಗಲ್ ಮಾಲ್ಟ್ ಆಗ್ಬೇಕಾದ್ರೆ ಮೊಳಕೆ ಕಟ್ಟಿದ ಬಾರ್ಲಿ ಬಿಟ್ಟು ಬೇರೆ ಧಾನ್ಯ ಇರ್ಬಾರ್ದು, ಹಂಡೆ ತರದ ತಾಮ್ರದ ಪಾಟ್ ಸ್ಟಿಲ್‌ನಲ್ಲಿ ಬ್ಯಾಚ್ ಬ್ಯಾಚಾಗಿ ಇಳಿಸ್ಬೇಕು. ಐದಕ್ಕೂ ಸೇರಿ ಇರೋ ನಿಯಮ ಏನಂದ್ರೆ 700 ಲೀಟರ್ ಮೀರದ ಓಕ್ ಕಾಸ್ಕಲ್ಲಿ ಸ್ಕಾಟ್ಲೆಂಡಿನಲ್ಲೇ ಕಮ್ಮಿ ಅಂದ್ರೂ 3 ವರ್ಷ ಇರ್ಬೇಕು, ಬಾಟ್ಲಿಗೆ ಹಾಕುವಾಗ ಆಲ್ಕೋಹಾಲ್ 40 ಪರ್ಸೆಂಟ್‌ಗಿಂತ ಕೆಳಗೆ ಇಳೀಬಾರ್ದು. ಬ್ಲೆಂಡೆಡ್ ಮಾಲ್ಟ್ ಅಂದ್ರೆ ಬೇರೆ ಬೇರೆ ಡಿಸ್ಟಿಲರಿಗಳ ಸಿಂಗಲ್ ಮಾಲ್ಟ್‌ಗಳನ್ನ ಸೇರಿಸಿದ್ದು, ಅದ್ರಲ್ಲಿ ಗ್ರೇನ್ ವಿಸ್ಕಿ (ಗೋಧಿ, ಮೆಕ್ಕೆಜೋಳದಂಥ ಬೇರೆ ಧಾನ್ಯದ್ದು) ಇರಲ್ಲ. ತುಂಬಾ ಜನ ಕನ್ಫ್ಯೂಸ್ ಆಗೋದು ಇಲ್ಲೇ.

ಹಂಗಾದ್ರೆ ಬ್ಲೆಂಡ್ ಕೀಳು, ಸಿಂಗಲ್ ಮಾಲ್ಟ್ ಮೇಲು ಅಲ್ವಾ?

ಇಲ್ಲ, ಇದನ್ನ ನಾನು ಒಪ್ಪಲ್ಲ. ಸ್ಕಾಚ್ ಪ್ರಪಂಚದ ಮೂಲೆ ಮೂಲೆಗೂ ಹೋಗಿದ್ದೇ ಬ್ಲೆಂಡ್‌ನಿಂದ. 1830ರಲ್ಲಿ ಈನಿಯಸ್ ಕಾಫಿ ನಿರಂತರವಾಗಿ ಓಡೋ ಸ್ಟಿಲ್‌ಗೆ ಪೇಟೆಂಟ್ ತಗೊಂಡ, ಅದ್ರಲ್ಲಿ ಹಗುರವಾದ ಗ್ರೇನ್ ವಿಸ್ಕಿ ಬಂತು, 1860ರ ಕಾನೂನು ತೆರಿಗೆ ಕಟ್ಟೋದಕ್ಕೆ ಮುಂಚೆ ಗೋದಾಮಲ್ಲೇ ಮಾಲ್ಟನ್ನೂ ಗ್ರೇನನ್ನೂ ಸೇರಿಸೋಕೆ ದಾರಿ ಮಾಡ್ತು, ಎಡಿನ್‌ಬರಾದ ಆಂಡ್ರ್ಯೂ ಅಶರ್ ತರದವರು ಅದನ್ನೊಂದು ಕಸುಬಾಗಿ ಬೆಳೆಸಿದ್ರು. ಗ್ರೇನ್ ಸೇರಿದ್ದನ್ನ ವಿಸ್ಕಿ ಅನ್ಬಹುದಾ ಅಂತ ಆಗ ದೊಡ್ಡ ಜಗಳಾನೇ ನಡೀತು, ಅದಕ್ಕೆ ಅಂತ ಕೂತ ರಾಯಲ್ ಕಮಿಷನ್ 1909ರಲ್ಲಿ ಅನ್ಬಹುದು ಅಂತ ತೀರ್ಪು ಕೊಡ್ತು. ಇವತ್ತಿಗೂ ಮಾರಾಟ ಆಗೋ ಸ್ಕಾಚಲ್ಲಿ ಹೆಚ್ಚಿನ ಪಾಲು ಬ್ಲೆಂಡೇ.

ಬ್ಲೆಂಡರ್ ಮಾಡೋ ಕೆಲಸ ಸುಲಭದ್ದಲ್ಲ. ಹತ್ತಾರು ಡಿಸ್ಟಿಲರಿಗಳ ಮಾಲ್ಟು, ಅದಕ್ಕೆ ಗ್ರೇನು, ಪ್ರತಿ ಕಾಸ್ಕೂ ತನ್ನದೇ ದಾರೀಲಿ ಬದಲಾಗ್ತಿರತ್ತೆ, ಅಂಥದ್ರಲ್ಲಿ ವರ್ಷ ವರ್ಷವೂ ಅದೇ ರುಚಿ ಬರಿಸ್ಬೇಕು. ಕೆಟ್ಟ ಬ್ಲೆಂಡ್ ಇವೆ, ಎಳೇ ಗ್ರೇನ್ ತುಂಬಿ ಕ್ಯಾರಮೆಲ್ ಹಾಕಿದವು. ಜೀವ ಇಲ್ಲದ ಸಿಂಗಲ್ ಮಾಲ್ಟ್‌ಗಳೂ ಬೇಕಾದಷ್ಟಿವೆ.

ಜಾಸ್ತಿ ವರ್ಷದ್ದಾದಷ್ಟೂ ಒಳ್ಳೇದು ಅಂತಾರಲ್ಲ, ನಿಜಾನಾ?

ಒಂದು ಮಟ್ಟದವರೆಗೆ ನಿಜ. ಬಾಟ್ಲಿ ಮೇಲಿರೋ ವರ್ಷ ಒಳಗಿರೋದ್ರಲ್ಲಿ ಅತಿ ಚಿಕ್ಕ ವಿಸ್ಕಿಯ ವಯಸ್ಸು, ಸರಾಸರಿ ಅಲ್ಲ. ಕಾಸ್ಕಲ್ಲಿ ಇದ್ದಷ್ಟು ದಿನ ಎಳೇ ಸ್ಪಿರಿಟ್‌ನ ಒರಟುತನ ಹೋಗತ್ತೆ, ಮರದಿಂದ ರುಚಿ ಇಳಿಯತ್ತೆ, ಗಾಳಿ ಜೊತೆ ನಿಧಾನವಾಗಿ ಕ್ರಿಯೆ ನಡೆದು ಹೊಸ ವಾಸನೆಗಳು ಹುಟ್ತವೆ. ಆದ್ರೆ ಮರ ಒಂದೇ ಸಮನೆ ಕೊಡ್ತಾ ಹೋದ್ರೆ ಕೊನೆಗೆ ಒಗರು, ಕಹಿ, ಮರದ ಪುಡಿ ಇಷ್ಟೇ ಉಳಿಯತ್ತೆ.

ಹವೆಯೂ ಲೆಕ್ಕಕ್ಕೆ ಬರತ್ತೆ. ಸ್ಕಾಟ್ಲೆಂಡಿನ ತಂಪಲ್ಲಿ ಕಾಸ್ಕಿಂದ ವರ್ಷಕ್ಕೆ ಹೆಚ್ಚುಕಮ್ಮಿ 2 ಪರ್ಸೆಂಟ್ ಆವಿಯಾಗಿ ಹೋಗತ್ತೆ, ಇದನ್ನೇ ಏಂಜಲ್ಸ್ ಶೇರ್ ಅನ್ನೋದು. ತೈವಾನಿನ ಕಾವಲಾನ್, ಭಾರತದ ಅಮೃತ್ ತರದ ಸೆಖೆ ಜಾಗದ ಡಿಸ್ಟಿಲರಿಗಳಲ್ಲಿ ಅದು ಹಲವು ಪಟ್ಟು ಜಾಸ್ತಿ, ಮರದ ಜೊತೆ ಒಡನಾಟವೂ ಅಷ್ಟೇ ಜೋರು, ಹಂಗಾಗಿ ಅಲ್ಲಿಯ 5-6 ವರ್ಷದ ವಿಸ್ಕೀನ ಸ್ಕಾಟ್ಲೆಂಡಿನ 12ರ ಪಕ್ಕ ಇಟ್ಟು ವಯಸ್ಸು ಹೋಲಿಸೋದ್ರಲ್ಲಿ ಅರ್ಥ ಇಲ್ಲ. ಬಾಟ್ಲಿಗೆ ಬಿದ್ದ ಮೇಲಂತೂ ವಯಸ್ಸು ನಿಂತೇಹೋಗತ್ತೆ. 12 ವರ್ಷದ್ದನ್ನ ಕಪಾಟಲ್ಲಿ 20 ವರ್ಷ ಇಟ್ರೂ ಅದು 12ರದ್ದೇ.

ಬಣ್ಣ ಗಾಢ ಇದ್ರೆ ಹಳೇ ವಿಸ್ಕಿ ಅಂತ ಹೇಳ್ಬಹುದಾ?

ಹೇಳೋಕಾಗಲ್ಲ. ಇ150ಎ ಅನ್ನೋ ಕ್ಯಾರಮೆಲ್ ಬಣ್ಣ ಹಾಕೋಕೆ ಸ್ಕಾಚಿಗೆ ಅನುಮತಿ ಇದೆ, ಬಹಳ ಕಡೆ ಹಾಕ್ತಾರೆ ಕೂಡ. ಬಣ್ಣ ಹಾಕದೇ ಇದ್ರೂ ಶೆರ್ರಿ (ಸ್ಪೇನಿನ ಒಂದು ತರದ ವೈನ್) ಇದ್ದ ಕಾಸ್ಕಲ್ಲಿ 8 ವರ್ಷ ಇದ್ದಿದ್ದು ಕಂದು ತಿರುಗಿರತ್ತೆ, ಮೂರನೇ ಸಲ ತುಂಬಿಸಿದ ಬೋರ್ಬನ್ (ಅಮೆರಿಕದ ವಿಸ್ಕಿ) ಬ್ಯಾರೆಲ್‌ನಲ್ಲಿ 25 ವರ್ಷ ಇದ್ದಿದ್ದು ಒಣಹುಲ್ಲಿನ ಬಣ್ಣದಲ್ಲೇ ಇರ್ಬಹುದು. ಲೇಬಲ್ ಮೇಲೆ ನ್ಯಾಚುರಲ್ ಕಲರ್ ಅಂತ ಇದ್ರೆ ಬಣ್ಣದ ಬಗ್ಗೆ ಒಂದು ಸಾಲು ಬರೀರಿ, ಇಲ್ಲಾಂದ್ರೆ ಬಿಟ್ಬಿಡಿ.

ಯಾವ ಗ್ಲಾಸ್ ಬೇಕು?

ಕೆಳಗೆ ಅಗಲ ಇದ್ದು ಬಾಯಿ ಹತ್ರ ಕಿರಿದಾಗೋ ಯಾವ ಗ್ಲಾಸಾದ್ರೂ ಸರಿ. 2001ರಲ್ಲಿ ಬಂದ ಗ್ಲೆನ್‌ಕೇರ್ನ್ ಈಗ ಎಲ್ಲರ ಕೈಲೂ ಇದೆ, ಒಳ್ಳೇದೇ. ಅಗಲ ಬಾಯಿಯ ಟಂಬ್ಲರಲ್ಲಿ ವಾಸನೆ ಚದುರಿ ಹೋಗತ್ತೆ. ಯಾವುದೇ ಆಗ್ಲಿ, ಪ್ರತಿ ಸಲ ಅದೇ ಗ್ಲಾಸ್ ಬಳಸಿ, ಸೋಪಿನ ವಾಸನೆ ಉಳಿಯದ ಹಂಗೆ ಬಿಸಿನೀರಲ್ಲಿ ತೊಳೀರಿ.

ನೀರು ಹಾಕಿದ್ರೆ ವಿಸ್ಕಿಗೆ ಅವಮಾನ ಅಂತಾರೆ, ನೀವು ನೋಡಿದ್ರೆ ಹಾಕಿ ಅಂತೀರಾ?

ಹಾಕಿ, ಧೈರ್ಯವಾಗಿ ಹಾಕಿ. ವಿಸ್ಕಿ ಮಾಡೋರೇ ಹಾಕ್ತಾರೆ. ಬ್ಲೆಂಡರ್‌ಗಳು ಕಾಸ್ಕ್ ಸ್ಯಾಂಪಲ್‌ಗಳನ್ನ 20 ಪರ್ಸೆಂಟ್ ಹತ್ರಕ್ಕೆ ಇಳಿಸ್ಕೊಂಡು ಮೂಸೋದು ಹಳೇ ರೂಢಿ, ಯಾಕಂದ್ರೆ ಅಷ್ಟು ತೆಳು ಮಾಡಿದಾಗ ಆಲ್ಕೋಹಾಲ್ ಮೂಗನ್ನ ಚುಚ್ಚಲ್ಲ, ತಪ್ಪುಗಳೂ ಬಚ್ಚಿಟ್ಕೊಳಲ್ಲ.

ಇದರ ಹಿಂದೆ ಕೆಮಿಸ್ಟ್ರಿಯೂ ಇದೆ. 2017ರಲ್ಲಿ ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರ್ ಸಿಮ್ಯುಲೇಷನ್ನಲ್ಲಿ ಗ್ವಾಯಕಾಲ್ ಅನ್ನೋ ಹೊಗೆವಾಸನೆಯ ಅಣು ಏನ್ಮಾಡತ್ತೆ ಅಂತ ನೋಡಿದ್ರು. 59 ಪರ್ಸೆಂಟ್‌ಗಿಂತ ಮೇಲೆ ಆಲ್ಕೋಹಾಲ್ ಅಣುಗಳು ಅದನ್ನ ಸುತ್ಕೊಂಡು ಒಳಗೇ ಇಟ್ಕೊಳ್ತವೆ, 45ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಸಿದ್ರೆ ಅದು ದ್ರವದ ಮೇಲ್ಮೈಗೆ ಬರತ್ತೆ, ಅಂದ್ರೆ ಮೂಗಿಗೆ ಹತ್ರ ಆಗತ್ತೆ. ಎಲ್ಲಾ ಅಣುವೂ ಹಿಂಗೇ ನಡ್ಕೊಳತ್ತೆ ಅಂತಲ್ಲ, ಅದಕ್ಕೇ ನೀರು ಹಾಕಿದ ಮೇಲೆ ಕೆಲವು ವಾಸನೆ ಏಳತ್ತೆ, ಕೆಲವು ಮಾಯ ಆಗತ್ತೆ.

ಕ್ರಮ ಇಷ್ಟೇ: ಮೊದಲು ಹಾಗೇ ಮೂಸಿ, ಒಂದು ಸಣ್ಣ ಗುಟುಕು ತಗೊಂಡು ನೋಟ್ಸ್ ಬರ್ಕೊಳ್ಳಿ, ಆಮೇಲೆ ಅರ್ಧ ಚಮಚ ನೀರು ಹಾಕಿ ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. 40 ಪರ್ಸೆಂಟಿನ ಬ್ಲೆಂಡಿಗೆ ಹನಿ ಲೆಕ್ಕದಲ್ಲಿ ಸಾಕು, ಈಗಾಗ್ಲೇ ತೆಳುವಾಗಿರತ್ತೆ. ಐಸ್ ಮಾತ್ರ ಟೇಸ್ಟಿಂಗ್‌ಗೆ ಬೇಡ, ತಂಪಿಗೆ ವಾಸನೆ ಏಳೋದೇ ಇಲ್ಲ, ರಿವ್ಯೂ ಎಲ್ಲಾ ಮುಗಿದ ಮೇಲೆ ನಿಮ್ಮಿಷ್ಟ.

## ಮೂಗು, ಬಾಯಿ, ನೋಟ್ಸು

ಮೂಸಿದ್ರೆ ಬರೀ ಸ್ಪಿರಿಟ್ ವಾಸನೆ ಹೊಡೆಯತ್ತೆ, ಬೇರೇನೂ ಗೊತ್ತಾಗಲ್ಲ. ಮೂಗಲ್ಲೇ ತೊಂದ್ರೆನಾ?

ಮೂಗು ಸರಿಯಾಗೇ ಇದೆ, ಆತುರ ಜಾಸ್ತಿ ಆಗಿದೆ ಅಷ್ಟೇ. ಗ್ಲಾಸಿಗೆ ಹಾಕಿದ ತಕ್ಷಣ ಮೂಗು ಒಳಗೆ ತೂರಿಸ್ಬೇಡಿ, ವೈನ್ ತಿರುಗಿಸಿದ ಹಂಗೆ ಗಿರಗಿರ ತಿರುಗಿಸಲೂ ಬೇಡಿ, ಅದ್ರಿಂದ ಆಲ್ಕೋಹಾಲೇ ಮೊದಲು ಎದ್ದು ಬರತ್ತೆ. ಐದ್ಹತ್ತು ನಿಮಿಷ ಬಿಡಿ. ಆಮೇಲೆ ಗ್ಲಾಸನ್ನ ಗಲ್ಲದ ಮಟ್ಟಕ್ಕೆ ಹಿಡಿದು, ತುಟಿ ಸ್ವಲ್ಪ ತೆರೆದು ಮೂಗಲ್ಲೂ ಬಾಯಲ್ಲೂ ಒಟ್ಟಿಗೆ ಉಸಿರು ತಗೊಳ್ಳಿ, ಚುಚ್ಚಿಲ್ಲ ಅಂದ್ರೆ ನಿಧಾನಕ್ಕೆ ಮೇಲೆ ತನ್ನಿ. ದೊಡ್ಡ ಉಸಿರು ಬೇಡ, ಸಣ್ಣ ಸಣ್ಣದಾಗಿ ಮೂಸಿ. ಎರಡೂ ಹೊಳ್ಳೆ ಒಂದೇ ತರ ಕೆಲಸ ಮಾಡಲ್ಲ, ಎಡ ಒಂದ್ಸಲ ಬಲ ಒಂದ್ಸಲ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗತ್ತೆ. ಮೂಗು ಸುಸ್ತಾದ್ರೆ ನಿಮ್ಮ ಮೊಣಕೈ ಒಳಗಿನ ಚರ್ಮ ಮೂಸಿ, ಅದು ನಿಮಗೆ ರೂಢಿ ಇರೋ ವಾಸನೆ ಆದ್ರಿಂದ ಮೂಗು ವಾಪಸ್ ಹಾದಿಗೆ ಬರತ್ತೆ. ನೆಗಡಿ ಇದ್ದಾಗ, ಸೆಂಟ್ ಹಾಕ್ಕೊಂಡಾಗ ರಿವ್ಯೂ ಮಾಡ್ಬೇಡಿ.

ವೆನಿಲ್ಲಾ, ಬಾಳೆಹಣ್ಣು, ತೆಂಗಿನಕಾಯಿ ಅಂತೆಲ್ಲಾ ಬರೀತಾರಲ್ಲ, ಅದನ್ನೆಲ್ಲಾ ಒಳಗೆ ಹಾಕಿರ್ತಾರಾ?

ಬಣ್ಣಕ್ಕೆ ಹಾಕೋ ಕ್ಯಾರಮೆಲ್ ಬಿಟ್ರೆ ಸಿಂಗಲ್ ಮಾಲ್ಟಿಗೆ ಹೋಗೋದು ಬಾರ್ಲಿ, ನೀರು, ಯೀಸ್ಟ್ ಇಷ್ಟೇ. ಉಳಿದಿದ್ದು ದಾರೀಲಿ ಹುಟ್ಟತ್ತೆ. ಹುದುಗು ಬರುವಾಗ ಯೀಸ್ಟ್ ಹಣ್ಣಿನ ವಾಸನೆಯ ಎಸ್ಟರ್‌ಗಳನ್ನ ಮಾಡತ್ತೆ, ಬಾಳೆಹಣ್ಣಿನ ವಾಸನೆ ಕೊಡೋ ಐಸೋಅಮೈಲ್ ಅಸಿಟೇಟ್ ಬಾಳೆಹಣ್ಣಲ್ಲೂ ಇರೋದೇ, ಹಂಗಾಗಿ ಅದು ಯಾರದ್ದೋ ಕಲ್ಪನೆ ಅಲ್ಲ. ಹುದುಗು ಬರೋಕೆ ಜಾಸ್ತಿ ಹೊತ್ತು ಬಿಟ್ಟ ಕಡೆ ಹಣ್ಣಿನ ಗುಣ ಜಾಸ್ತಿ. ಅಮೆರಿಕನ್ ಬಿಳಿ ಓಕನ್ನ ಸುಟ್ಟಾಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಬರತ್ತೆ, ಓಕ್ ಲ್ಯಾಕ್ಟೋನ್‌ನಿಂದ ತೆಂಗಿನಕಾಯಿ ಪರಿಮಳ ಬರತ್ತೆ. ಲವಂಗದಲ್ಲಿರೋ ಯುಜಿನಾಲ್ ಓಕಲ್ಲೂ ಇದೆ. ಒಣದ್ರಾಕ್ಷಿ, ಅಂಜೂರ ಕಂಡ್ರೆ ಶೆರ್ರಿ ಕಾಸ್ಕಿನ ಕಡೆ ಬೊಟ್ಟು ಮಾಡಬಹುದು.

ಹೀದರ್ ಹೂವು, ಮಾರ್ಜಿಪಾನ್ ನಾನು ಜನ್ಮದಲ್ಲಿ ಮೂಸಿಲ್ಲ, ನೋಟ್ಸ್ ಹೆಂಗೆ ಬರೀಲಿ?

ಮೂಸಿರೋದನ್ನ ಬರೀರಿ. ಏಲಕ್ಕಿ, ಒದ್ದೆ ಮಣ್ಣು, ಹಳೇ ಪುಸ್ತಕ, ಹೊಸ ಚಪ್ಪಲಿ, ಆಸ್ಪತ್ರೆ ಕಾರಿಡಾರು, ಆರಿದ ಒಲೆಯ ಬೂದಿ, ಇವೆಲ್ಲಾ ಪೂರ್ತಿ ಲಾಯಕ್ಕಾದ ಟೇಸ್ಟಿಂಗ್ ನೋಟ್‌ಗಳು. ಬೇರೆಯವರ ಪದ ಎತ್ಕೊಂಡು ಬರೆದ್ರೆ ನೀವು ಮೂಸಿದ್ದು ಎಲ್ಲೂ ದಾಖಲಾಗಲ್ಲ, ಆರು ತಿಂಗಳ ನಂತರ ಓದಿದ್ರೆ ನಿಮಗೇ ಆ ವಿಸ್ಕಿ ನೆನಪಿಗೆ ಬರಲ್ಲ.

ಹೆಸರು ಹೊಳೀದೇ ಇದ್ದಾಗ ದೊಡ್ಡದ್ರಿಂದ ಚಿಕ್ಕದಕ್ಕೆ ಬನ್ನಿ. ಹಣ್ಣಾ, ಹೂವಾ, ಮರಾನಾ, ಹೊಗೇನಾ, ಧಾನ್ಯಾನಾ? ಹಣ್ಣು ಅಂದ್ರೆ ಹಸಿದಾ, ಒಣಗಿದ್ದಾ, ಬೇಯಿಸಿದ್ದಾ? ಹಸಿದಾದ್ರೆ ಹುಳಿ ಹಣ್ಣಾ, ಸಿಹಿ ಹಣ್ಣಾ? ಸ್ಕಾಟ್ಲೆಂಡಿನ ಸಂಶೋಧಕರು 1979ರಲ್ಲಿ ಪ್ರಕಟಿಸಿದ ಫ್ಲೇವರ್ ವೀಲ್ ಇದೇ ತರ ಕೆಲಸ ಮಾಡತ್ತೆ, ನಡುವೆ ದೊಡ್ಡ ಗುಂಪು, ಅಂಚಿಗೆ ಹೋದಂಗೆ ನಿಖರ ಹೆಸರು. "ಬೇಯಿಸಿದ ಹುಳಿ ಹಣ್ಣು, ಯಾವುದು ಅಂತ ಗೊತ್ತಿಲ್ಲ" ಅಂತ ಬರೆದ್ರೂ ಓದೋನಿಗೆ ಅದು ಉಪಯೋಗಕ್ಕೆ ಬರೋ ಮಾತೇ.

ಬಾಯಲ್ಲಿ ಎಷ್ಟು ಹೊತ್ತು ಇಟ್ಕೋಬೇಕು? ಫಿನಿಶ್ ಅಂತಾರಲ್ಲ ಅದೇನು?

ಮೊದಲ ಗುಟುಕು ನಾಲಿಗೆ ಒಗ್ಗಿಸ್ಕೊಳೋಕೆ, ಅದ್ರ ಮೇಲೆ ಏನೂ ತೀರ್ಮಾನ ಮಾಡ್ಬೇಡಿ. ಎರಡನೇದನ್ನ ಹತ್ತು ಹದಿನೈದು ಸೆಕೆಂಡ್ ಬಾಯಿ ತುಂಬಾ ಓಡಾಡಿಸಿ, ಎಣ್ಣೆ ತರ ಮೆತ್ತಗಿದ್ಯಾ ನೀರು ನೀರಾಗಿದ್ಯಾ ನೋಡಿ, ನುಂಗಿ ಇಲ್ಲಾ ಉಗುಳಿ, ಬಾಯಿ ಮುಚ್ಕೊಂಡು ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಅಂದ್ಕೊಂಡಿರೋದ್ರಲ್ಲಿ ಬಹಳಷ್ಟು ಗಂಟಲ ಹಿಂದಿನಿಂದ ಮೂಗಿಗೆ ಏರೋ ವಾಸನೇನೇ. ಆಮೇಲೆ ಉಳಿಯೋದು ಫಿನಿಶ್. ಎಷ್ಟು ಹೊತ್ತು ಉಳೀತು ಅನ್ನೋದಕ್ಕಿಂತ ಏನು ಉಳೀತು ಅನ್ನೋದು ಮುಖ್ಯ, ಕಹಿ ಮರ ಹತ್ತು ನಿಮಿಷ ಉಳಿದ್ರೆ ಅದೇನು ಹೆಚ್ಚುಗಾರಿಕೆ ಅಲ್ಲ.

ಪಿಪಿಎಂ ಜಾಸ್ತಿ ಇದ್ದಷ್ಟೂ ಹೊಗೆ ಜಾಸ್ತಿ ಅಂತ ಲೆಕ್ಕಾನಾ?

ಲೆಕ್ಕ ಅಷ್ಟು ನೇರ ಇಲ್ಲ. ಪಿಪಿಎಂ ಅಂದ್ರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅಂತ, ಆ ನಂಬರ್ ಸಾಮಾನ್ಯವಾಗಿ ಹೊಗೆಯಲ್ಲಿ ಒಣಗಿಸಿದ ಮಾಲ್ಟಲ್ಲಿರೋ, ಹೊಗೆವಾಸನೆ ಕೊಡೋ ಫಿನಾಲ್‌ಗಳದ್ದು, ಗ್ಲಾಸಲ್ಲಿರೋದರದ್ದಲ್ಲ. ಡಿಸ್ಟಿಲ್ ಆಗೋವಷ್ಟರಲ್ಲಿ ಬಹಳಷ್ಟು ಹೋಗಿರತ್ತೆ, ಕಾಸ್ಕಲ್ಲಿ ವರ್ಷ ಕಳೆದಂಗೆ ಇನ್ನೂ ಮೆತ್ತಗಾಗತ್ತೆ. ಐಲಾ ದ್ವೀಪದ ಲ್ಯಾಗವೂಲಿನ್, ಕಾಲ್ ಈಲಾ ಎರಡಕ್ಕೂ ಪೋರ್ಟ್ ಎಲೆನ್ ಮಾಲ್ಟಿಂಗ್ಸ್‌ನಿಂದ ಸುಮಾರು 35 ಪಿಪಿಎಂನ ಮಾಲ್ಟೇ ಬರೋದು. ಆದ್ರೂ ಕಾಲ್ ಈಲಾದ ಎತ್ತರದ ಸ್ಟಿಲ್‌ಗಳಿಂದ ನಿಂಬೆ, ಬೂದಿ, ತೆಳು ಎಣ್ಣೆ ತರದ ಹಗುರ ಹೊಗೆ ಬರತ್ತೆ, ಲ್ಯಾಗವೂಲಿನ್‌ನಲ್ಲಿ ನಿಧಾನವಾಗಿ ಡಿಸ್ಟಿಲ್ ಮಾಡೋದ್ರಿಂದ ದಪ್ಪ, ಸಿಹಿ, ಗಂಟಲು ತುಂಬೋ ಹೊಗೆ ಬರತ್ತೆ. ಸಾಧ್ಯ ಆದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಪಿಪಿಎಂ ಬಗ್ಗೆ ಇದಕ್ಕಿಂತ ಒಳ್ಳೇ ಪಾಠ ನಂಗೆ ಗೊತ್ತಿಲ್ಲ.

ಒಂದು ಸಂಜೆಗೆ ಎಷ್ಟು ವಿಸ್ಕಿ ಟೇಸ್ಟ್ ಮಾಡ್ಬಹುದು?

ನಾಲ್ಕು, ಒಂದೊಂದೂ 10-15 ಮಿಲಿ. ಅದಕ್ಕಿಂತ ಜಾಸ್ತಿ ಆದ್ರೆ ನಾಲಿಗೆ ಮರಗಟ್ಟತ್ತೆ, ತಲೆ ಉದಾರವಾಗತ್ತೆ, ಕೊನೇ ವಿಸ್ಕಿಗೆ ಸುಮ್ ಸುಮ್ನೆ ಐದು ಮಾರ್ಕ್ಸ್ ಜಾಸ್ತಿ ಬೀಳತ್ತೆ. ಹಗುರದ್ದು ಮೊದಲು, ಶೆರ್ರಿಯದ್ದು ನಡುವೆ, ಹೊಗೆಯದ್ದು ಕೊನೆಗೆ. ಉಗುಳೋಕೆ ನಾಚ್ಕೋಬೇಡಿ, ಕಸುಬಿನವರೆಲ್ಲಾ ಉಗುಳ್ತಾರೆ. ಮಧ್ಯೆ ನೀರು ಕುಡೀರಿ, ಗಾಡಿ ಓಡಿಸೋದಿದ್ರೆ, ಮಾತ್ರೆ ತಗೊಳ್ತಿದ್ರೆ, ಬಸುರಿ ಆಗಿದ್ರೆ ಮೂಸಿ ಅಷ್ಟಕ್ಕೇ ನಿಲ್ಲಿಸಿ.

## ರಿವ್ಯೂ ಬರೆಯೋರು ಕೇಳೋದು

ಬ್ಲೈಂಡ್ ಟೇಸ್ಟಿಂಗ್ ನಿಜವಾಗ್ಲೂ ಬೇಕಾ? ನಂಗೆ ನನ್ನ ನಾಲಿಗೆ ಮೇಲೆ ನಂಬಿಕೆ ಇದೆ.

ಬೇಕು. ಲೇಬಲ್ ಕಣ್ಣಿಗೆ ಬಿದ್ದ ಕ್ಷಣವೇ ತಲೆ ಅರ್ಧ ರಿವ್ಯೂ ಬರೆದು ಮುಗಿಸಿರತ್ತೆ, ಇದು ಪ್ರಾಮಾಣಿಕತೆಯ ಪ್ರಶ್ನೆ ಅಲ್ಲ, ಮೆದುಳು ಕೆಲಸ ಮಾಡೋದೇ ಹಂಗೆ. ಯಾರಾದ್ರೂ ಒಬ್ಬರಿಗೆ ಹೇಳಿ ಗ್ಲಾಸ್‌ಗಳಿಗೆ ನಂಬರ್ ಹಾಕಿ ಸುರಿದು ಕೊಡೋಕೆ, ನೋಟ್ಸೂ ಸ್ಕೋರೂ ಬರೆದ ಮೇಲೇ ಹೆಸರು ಕೇಳಿ, ಕೇಳಿದ ಮೇಲೆ ಒಂದಕ್ಷರ ಬದಲಾಯಿಸ್ಬೇಡಿ.

ನಿಮ್ಮ ನಾಲಿಗೇನ ಪರೀಕ್ಷೆ ಮಾಡ್ಬೇಕು ಅಂದ್ರೆ ಟ್ರಯಾಂಗಲ್ ಟೆಸ್ಟ್ ಮಾಡಿ. ಮೂರು ಗ್ಲಾಸು, ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ, ಆ ಬೇರೇದನ್ನ ಹುಡುಕ್ಬೇಕು. ಒಂದ್ಸಲ ಸರಿ ಹೇಳೋಕೆ ಅದೃಷ್ಟ ಸಾಕು, ಮೂರಕ್ಕೊಂದು ಸಾಧ್ಯತೆ ಇದೆ. ಐದಕ್ಕೆ ಐದೂ ಸಲ ಬರೀ ಊಹೆಯಿಂದ ಸರಿ ಆಗೋದು 243ರಲ್ಲಿ ಒಂದ್ಸಲ ಮಾತ್ರ, ಅಷ್ಟು ಬಂತು ಅಂದ್ರೆ ನಿಮಗೆ ವ್ಯತ್ಯಾಸ ಗೊತ್ತಾಗ್ತಿದೆ. 12 ವರ್ಷದ್ದು, 15 ವರ್ಷದ್ದು ಅಂತ ಎರಡು ರಿವ್ಯೂ ಬರೆಯೋ ಮುಂಚೆ ಆ ಎರಡನ್ನ ಹಿಂಗೆ ಬೇರೆ ಮಾಡೋಕೆ ಬರತ್ತಾ ನೋಡ್ಕೊಳ್ಳಿ.

ಬ್ಲೆಂಡಿಗೂ ಸಿಂಗಲ್ ಮಾಲ್ಟಿಗೂ ಒಂದೇ ಅಳತೇಲಿ ಮಾರ್ಕ್ಸ್ ಕೊಟ್ರೆ ಅನ್ಯಾಯ ಅಲ್ವಾ?

ಅಳತೆ ಒಂದೇ ಇರ್ಲಿ, ನೋಡೋ ಜಾಗ ಬೇರೆ ಇರ್ಲಿ. ಸಿಂಗಲ್ ಮಾಲ್ಟಲ್ಲಿ ಟ್ಯಾಲಿಸ್ಕರ್ 10, ಬ್ಲೆಂಡಲ್ಲಿ ಜಾನಿ ವಾಕರ್ ಬ್ಲ್ಯಾಕ್, ಎರಡನ್ನ ತಗೊಳ್ಳಿ, ನನ್ನ ನೋಟ್ಸ್ ಹಾಗೇ ಕೊಡ್ತೀನಿ.

ಟ್ಯಾಲಿಸ್ಕರ್, 45.8 ಪರ್ಸೆಂಟ್. ಮೂಗಿಗೆ ಉಪ್ಪುಗಾಳಿ, ನೀರು ಚಿಮುಕಿಸಿದ ಬೂದಿ, ಹಿಂದೆ ಸೇಬಿನ ಸಿಪ್ಪೆ. ಬಾಯಿಗೆ ಮೊದಲು ಮಾಲ್ಟ್ ಸಿಹಿ, ನುಂಗೋ ಹೊತ್ತಿಗೆ ಕಾಳುಮೆಣಸು ಸಡನ್ನಾಗಿ ಎದ್ದು ಗಂಟಲು ಬಿಸಿ ಮಾಡತ್ತೆ. ನೀರು ಹಾಕಿದ್ರೆ ಮೆಣಸು ಇಳಿದು ಹಣ್ಣು ಮುಂದೆ ಬರತ್ತೆ.

ಬ್ಲ್ಯಾಕ್, 12 ವರ್ಷ, 40 ಪರ್ಸೆಂಟ್. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ವೆನಿಲ್ಲಾ, ಇವೆಲ್ಲದರ ಕೆಳಗೆ ತೆಳ್ಳಗೆ ಹೊಗೆ. ಯಾವುದೂ ಇನ್ನೊಂದನ್ನ ತಳ್ಳಿ ಮುಂದೆ ಬರಲ್ಲ. ಫಿನಿಶ್ ಚಿಕ್ಕದು, ನೀರು ಹಾಕಿದ್ರೆ ಬೇಗ ಕುಸಿಯತ್ತೆ.

ಮೊದಲನೇದಕ್ಕೆ ವ್ಯಕ್ತಿತ್ವಕ್ಕೆ ಮಾರ್ಕ್ಸು, ಎರಡನೇದಕ್ಕೆ ಹೊಂದಾಣಿಕೆಗೆ. ಬ್ಲೆಂಡಲ್ಲಿ ನಾನು ಹುಡುಕೋದು ಹೊಲಿಗೆ ಕಾಣತ್ತಾ ಅಂತ, ಅಂದ್ರೆ ಗ್ರೇನ್ ಬೇರೆ, ಮಾಲ್ಟ್ ಬೇರೆ ಅಂತ ನಾಲಿಗೆಗೆ ಸಿಗತ್ತಾ ಇಲ್ವಾ. ಬ್ಲ್ಯಾಕಲ್ಲಿ ಸಿಗಲ್ಲ, ಅದು ಸಣ್ಣ ಸಾಧನೆ ಅಲ್ಲ. ಟ್ಯಾಲಿಸ್ಕರ್‌ನ ಮೆಣಸು ಇಲ್ಲ ಅಂತ ಅದಕ್ಕೆ ಮಾರ್ಕ್ಸ್ ಕಡಿಯೋದು ತಪ್ಪು.

100ಕ್ಕೆ 86, 87 ಅಂತ ಅಷ್ಟು ನಿಖರವಾಗಿ ಹೆಂಗೆ ಕೊಡ್ತೀರಾ?

ಮೂಗು, ಬಾಯಿ, ಫಿನಿಶ್, ಬ್ಯಾಲೆನ್ಸ್ ನಾಲ್ಕಕ್ಕೂ 25ರಂತೆ ಹಂಚೋದು ಬಹಳ ಜನ ಬಳಸೋ ಕ್ರಮ, ನಾನೂ ಅದನ್ನೇ ಬಳಸ್ತೀನಿ. 86ಕ್ಕೂ 87ಕ್ಕೂ ಮಧ್ಯೆ ಇರೋ ಒಂದು ಮಾರ್ಕ್ ಅವತ್ತಿನ ಮನಸ್ಥಿತಿಗೇ ಅಲುಗಾಡತ್ತೆ, ಐದು ಮಾರ್ಕಿನ ವ್ಯತ್ಯಾಸ ಇದ್ರೆ ಮಾತ್ರ ಅದಕ್ಕೆ ತೂಕ ಇದೆ. ನೋಟ್ಸ್ ಇಲ್ಲದ ಬರೀ ನಂಬರ್ ಪ್ರಕಟಿಸ್ಬೇಡಿ. ಹೊಗೆ ಅಂದ್ರೆ ಆಗದೇ ಇರೋನು ನಿಮ್ಮ 91 ನೋಡಿ ಬಾಟ್ಲಿ ತಗೊಂಡು ಒದ್ದಾಡ್ತಾನೆ, ನೋಟ್ಸಲ್ಲಿ ಬೂದಿ, ಅಯೋಡಿನ್ ಅಂತ ಇದ್ದಿದ್ರೆ ಅವನು ಬಚಾವಾಗ್ತಿದ್ದ. ಬೆಲೇನ ಸ್ಕೋರೊಳಗೆ ಸೇರಿಸ್ಬೇಡಿ, ಪಕ್ಕದಲ್ಲಿ ಬೇರೆ ಸಾಲಲ್ಲಿ ಹೇಳಿ.

46 ಪರ್ಸೆಂಟ್, ನಾನ್ ಚಿಲ್ ಫಿಲ್ಟರ್ಡ್ ಅಂತ ಇದ್ರೆ ಕಣ್ಮುಚ್ಕೊಂಡು ತಗೋಬಹುದಾ?

ಒಳ್ಳೇ ಲಕ್ಷಣ, ಆದ್ರೆ ಗ್ಯಾರಂಟಿ ಅಲ್ಲ. ಸುಮಾರು 46ಕ್ಕಿಂತ ಕೆಳಗೆ ಇಳಿಸಿದಾಗ, ಅದ್ರಲ್ಲೂ ತಂಪಾದಾಗ, ಕೊಬ್ಬಿನ ಆಮ್ಲಗಳ ಎಸ್ಟರ್‌ಗಳು ಕರಗದೇ ವಿಸ್ಕಿ ಮಬ್ಬಾಗತ್ತೆ, ಅದು ನೋಡೋಕೆ ಚೆನ್ನಾಗಿರಲ್ಲ ಅಂತ ವಿಸ್ಕೀನ ತಣ್ಣಗೆ ಮಾಡಿ ಸೋಸ್ತಾರೆ. ಸೋಸದೇ ಇದ್ರೆ ಬಾಯಲ್ಲಿ ತುಂಬುತನ ಉಳಿಯತ್ತೆ ಅಂತ ನನ್ನ ಅನುಭವ. ಕೆಟ್ಟ ಕಾಸ್ಕಲ್ಲಿ ಇದ್ದಿದ್ದು ಸೋಸದೇ ಇದ್ರೂ ಕೆಟ್ಟದ್ದೇ.

ಬೆಂಕಿಕಡ್ಡಿ ಗೀರಿದ ವಾಸನೆ ಬಂತು, ಬಾಟ್ಲಿ ಕೆಟ್ಟಿದ್ಯಾ?

ಅದು ಗಂಧಕ. ಖಾಲಿ ಶೆರ್ರಿ ಕಾಸ್ಕ್ ಹಾಳಾಗದೇ ಇರ್ಲಿ ಅಂತ ಒಳಗೆ ಗಂಧಕ ಸುಡೋ ಪದ್ಧತಿ ಇತ್ತು, ಅದರ ಉಳಿಕೆ ವಿಸ್ಕಿಗೆ ಇಳಿಯತ್ತೆ: ಬೆಂಕಿಕಡ್ಡಿ, ರಬ್ಬರ್, ಬೆಂದ ಎಲೆಕೋಸು. ಕೆಲವರಿಗೆ ಒಂದು ಹನಿಯಲ್ಲೇ ತಡೆಯೋಕಾಗಲ್ಲ, ಕೆಲವರಿಗೆ ಗೊತ್ತೇ ಆಗಲ್ಲ, ಹಂಗಾಗಿ ನಿಮ್ಮ ಮೂಗು ಯಾವ ಕಡೆ ಅಂತ ರಿವ್ಯೂನಲ್ಲಿ ಹೇಳಿ. ಇನ್ನೊಂದು ತರದ ಗಂಧಕ ಸ್ಟಿಲ್‌ನಿಂದಲೇ ಬರತ್ತೆ. ತಾಮ್ರದ ಜೊತೆ ಆವಿಗೆ ಒಡನಾಟ ಕಮ್ಮಿ ಆದಾಗ, ಅಂದ್ರೆ ಮಾರ್ಟ್‌ಲಕ್ ತರ ಹಳೇ ವರ್ಮ್ ಟಬ್ (ನೀರಿನ ತೊಟ್ಟಿಯಲ್ಲಿ ಸುರುಳಿ ಕೊಳವೆ ಇಟ್ಟು ಆವಿ ತಣಿಸೋದು) ಇಟ್ಕೊಂಡಿರೋ ಕಡೆ, ಮಾಂಸದ ಸಾರಿನಂಥ ಗುಣ ಬರತ್ತೆ, ಅದು ಆ ಡಿಸ್ಟಿಲರಿಯ ಶೈಲಿ, ತಪ್ಪಲ್ಲ. ಒದ್ದೆ ರಟ್ಟಿನ ವಾಸನೆ ಬಂದು ಉಳಿದೆಲ್ಲಾ ಸಪ್ಪೆ ಆಗಿದ್ರೆ ಕಾರ್ಕ್ ಕೆಟ್ಟಿದೆ, ಆ ಬಾಟ್ಲಿ ಮೇಲೆ ರಿವ್ಯೂ ಬರೀಬೇಡಿ, ಇನ್ನೊಂದು ನೋಡಿ.

ಅದೇ ಬಾಟ್ಲಿ ಮೂರು ತಿಂಗಳಾದ್ಮೇಲೆ ಬೇರೆ ರುಚಿ ಕೊಡ್ತಿದೆ, ನಾನು ಬದಲಾದ್ನಾ ವಿಸ್ಕಿ ಬದಲಾಯ್ತಾ?

ಎರಡೂ. ತೆರೆದ ಬಾಟ್ಲಿಗೆ ಗಾಳಿ ಸೇರತ್ತೆ, ಮೊದಮೊದಲು ಒಳ್ಳೇದೇ ಆಗತ್ತೆ, ಮುಕ್ಕಾಲು ಖಾಲಿ ಆದ್ಮೇಲೆ ಬೇಗ ಸಪ್ಪೆ ಆಗತ್ತೆ. ಅದಕ್ಕೇ ಕುತ್ತಿಗೆ ಮಟ್ಟದಲ್ಲಿದ್ದಾಗ ಒಂದ್ಸಲ, ಅರ್ಧಕ್ಕೆ ಬಂದಾಗ ಒಂದ್ಸಲ, ಬೇರೆ ಬೇರೆ ದಿನ ನೋಡಿ ಬರೀರಿ. ಬಾಟ್ಲೀನ ನೆಟ್ಟಗೆ ನಿಲ್ಲಿಸಿ ಕತ್ತಲಲ್ಲಿ ಇಡಿ, ಮಲಗಿಸಿದ್ರೆ ಆಲ್ಕೋಹಾಲ್ ಕಾರ್ಕನ್ನ ತಿನ್ನತ್ತೆ. ಬ್ಯಾಚ್ ನಂಬರ್ ಇದ್ರೆ ಬರ್ಕೊಳ್ಳಿ, ಕಾಸ್ಕ್ ಸ್ಟ್ರೆಂತ್ (ನೀರು ಸೇರಿಸಿ ತೆಳು ಮಾಡದೇ ಬಾಟ್ಲಿಗೆ ಹಾಕಿದ) ವಿಸ್ಕಿಗಳಲ್ಲಿ ಬ್ಯಾಚಿಂದ ಬ್ಯಾಚಿಗೆ ಚೆನ್ನಾಗೇ ಬದಲಾಗತ್ತೆ.

ಫ್ರೀ ಸ್ಯಾಂಪಲ್ ಬಂದ್ರೆ ರಿವ್ಯೂ ಮಾಡ್ಬಹುದಾ?

ಮಾಡಿ, ಮೊದಲ ಸಾಲಲ್ಲೇ ಫ್ರೀ ಬಂತು ಅಂತ ಹೇಳಿ. ಪ್ರಕಟಿಸೋ ಮುಂಚೆ ಕಳಿಸಿದವರಿಗೆ ತೋರಿಸೋ ಶರತ್ತಿದ್ರೆ ವಾಪಸ್ ಕಳಿಸಿ.

ಬ್ಲೆಂಡಲ್ಲಿ ಏನೇನಿದೆ, ಎಷ್ಟೆಷ್ಟು ವರ್ಷದ್ದು ಅಂತ ಯಾಕೆ ಪೂರ್ತಿ ಬರೆಯಲ್ಲ?

ಕೆಲವರು ಗುಟ್ಟು ಅಂತ ಬರೆಯಲ್ಲ, ಕೆಲವರಿಗೆ ಬರೆಯೋಕೆ ಕಾನೂನೇ ಬಿಡಲ್ಲ. 2015ರಲ್ಲಿ ಕಂಪಾಸ್ ಬಾಕ್ಸ್ ಅನ್ನೋ ಬ್ಲೆಂಡಿಂಗ್ ಕಂಪನಿ ತನ್ನ ಎರಡು ವಿಸ್ಕಿಗಳ ಒಳಗಿರೋ ಪ್ರತಿ ಭಾಗದ ವಯಸ್ಸು, ಪ್ರಮಾಣ ಎಲ್ಲಾ ಬಹಿರಂಗ ಮಾಡ್ತು. ವಯಸ್ಸು ಹೇಳೋದಾದ್ರೆ ಅತಿ ಚಿಕ್ಕದರ ವಯಸ್ಸು ಮಾತ್ರ ಹೇಳ್ಬೇಕು ಅನ್ನೋದು ನಿಯಮ, ಅದನ್ನ ಮೀರಿದೆ ಅಂತ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಿಳಿಸಿದ ಮೇಲೆ ಕಂಪಾಸ್ ಬಾಕ್ಸ್‌ನವರು ಮಾಹಿತಿ ತೆಗೀಬೇಕಾಯ್ತು, ಮರು ವರ್ಷ ನಿಯಮ ಬದಲಾಯಿಸಿ ಅಂತ ಅಭಿಯಾನ ಶುರು ಮಾಡಿದ್ರು. ನಿಯಮದ ಉದ್ದೇಶ ಅರ್ಥ ಆಗತ್ತೆ, ಒಂದು ಹನಿ 40 ವರ್ಷದ್ದು ಹಾಕಿ ಅದನ್ನೇ ದೊಡ್ಡಕ್ಷರದಲ್ಲಿ ಬರೆಯೋರನ್ನ ತಡೀಬೇಕು. ಪೂರ್ತಿ ಲೆಕ್ಕ ಕೊಡ್ತೀನಿ ಅನ್ನೋರನ್ನೂ ಅದೇ ಸಾಲಲ್ಲಿ ನಿಲ್ಲಿಸೋದು ನಂಗೆ ಸರಿ ಕಾಣಲ್ಲ. ಸದ್ಯಕ್ಕೆ ದಾರಿ ಅಂದ್ರೆ ಕಂಪನಿಗೆ ನೇರವಾಗಿ ಬರೆದು ಕೇಳೋದು, ಕೇಳಿದವರಿಗೆ ವಿವರ ಕಳಿಸೋ ಬ್ಲೆಂಡರ್‌ಗಳು ಇದಾರೆ.